ಮಕ್ಕಳನ್ನು ಎಷ್ಟು ಡಿಗ್ರಿಗೆ ಕಾಯಿಸುತ್ತಾರೆ?

"ಅಕ್ಕಾ, ಮಕ್ಳನ್ನ ಎಷ್ಟು ಡಿಗ್ರಿಗೆ ಕಾಯಿಸ್ತಾರಂತೆ?"

ಕಳೆದ ಗುರುವಾರ ಸಂಜೆ ಹನುಮಂತಪ್ಪ ನಮ್ಮ ಮನೆಯ ಗೇಟಿಗೆ ಸೈಕಲ್ ಒರಗಿಸಿ ಕೇಳಿದ ಪ್ರಶ್ನೆ ಇದು. ಕೈಯಲ್ಲಿ ಸ್ಕೂಲಿನಿಂದ ಬಂದ ಸೈಕ್ಲೋಸ್ಟೈಲ್ ನೋಟೀಸು. ಮುಖದಲ್ಲಿ ತಮಾಷೆಯ ಸುಳಿವೇ ಇಲ್ಲ.

ನಾನು ಸಾರಿನ ಒಗ್ಗರಣೆಯನ್ನು ಅರ್ಧಕ್ಕೇ ಬಿಟ್ಟು ಹೊರಗೆ ಬಂದೆ. ಯಾವ ಮಕ್ಕಳು? ಯಾಕೆ ಕಾಯಿಸುತ್ತಾರೆ? ಈ ಮನುಷ್ಯನಿಗೆ ಜ್ವರವೇನಾದರೂ ಬಂದಿದೆಯೇ?

ಹನುಮಂತಪ್ಪ ಯಾರೆಂದು ಈ ಅಂಕಣದ ಓದುಗರಿಗೆ ಮೊದಲು ಹೇಳಿಬಿಡುತ್ತೇನೆ. ನಾನು ಟೆಲಿಫೋನ್ ಬೋರ್ಡಿನ ಮುಂದೆ ಕೂರುವ ಸರ್ಕಾರಿ ಕಾರ್ಖಾನೆಯಲ್ಲೇ ಅವರು ಹೀಟ್ ಟ್ರೀಟ್‌ಮೆಂಟ್ ಸೆಕ್ಷನ್ನಿನಲ್ಲಿ ಫರ್ನೇಸ್ ನೋಡಿಕೊಳ್ಳುತ್ತಾರೆ. ಚಿಕ್ಕಬಾಣಾವರದ ಕಡೆಯ ಹಳೆಯ ಮನೆತನ. ಪೀಣ್ಯದಲ್ಲಿ ಇವತ್ತು ಬೋಲ್ಟು ನಟ್ಟು ಕತ್ತರಿಸುವ ಒಂದು ಸಾಲು ಶೆಡ್ಡುಗಳಿವೆಯಲ್ಲ, ಅದು ಅವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲ. ಅವರ ಮಗ ಶಿವು ಒಂಬತ್ತನೇ ಕ್ಲಾಸು, ನನ್ನ ಮಗಳು ಸುಧಾ ಹತ್ತನೇ ಕ್ಲಾಸು. ಇಬ್ಬರದೂ ಒಂದೇ ಸ್ಕೂಲು, ಇಬ್ಬರಿಗೂ ಒಂದೇ ಕಾಯಿಲೆ. ಉಬ್ಬಸ.

ಸ್ಕೂಲಿನಲ್ಲಿ ಇಂಥ ಮಕ್ಕಳು ಒಟ್ಟು ಹನ್ನೊಂದು. ಹೆಡ್‌ಮಾಸ್ಟರು ಅವರಿಗೆ ಪ್ರೀತಿಯಿಂದ ಒಂದು ಹೆಸರನ್ನೂ ಇಟ್ಟಿದ್ದಾರೆ. "ದಮ್ಮಿನ ಬ್ಯಾಚು." ಪಿ.ಟಿ. ಪೀರಿಯಡ್ಡಿನಲ್ಲಿ ದಮ್ಮಿನ ಬ್ಯಾಚು ಪಕ್ಕಕ್ಕೆ ನಿಲ್ಲಬೇಕು. ಉಳಿದ ಹುಡುಗರು ಓಡುತ್ತಾ ಹೋಗಿ "ದಮ್ಮಿದ್ರೆ ಬಾರೋ ಮಗಾ" ಎಂದು ಕೂಗುತ್ತಾರೆ. ದಮ್ಮಿದ್ದವರನ್ನೇ ದಮ್ಮಿಲ್ಲದವರು ಎನ್ನುವ ವಿಚಿತ್ರ ನಮ್ಮ ಭಾಷೆಯಲ್ಲಿ ಮಾತ್ರ ಸಾಧ್ಯವೇನೋ.

ನೋಟೀಸು ತೆಗೆದುಕೊಂಡು ಓದಿದೆ. ಸುಧಾ ಅದನ್ನು ನನಗೆ ಇನ್ನೂ ತೋರಿಸಿರಲಿಲ್ಲ.

"ದಮ್ಮಿನ ತೊಂದರೆಯುಳ್ಳ ವಿದ್ಯಾರ್ಥಿಗಳಿಗೆ ಸ್ಟ್ರೆಸ್ ರಿಲೀವಿಂಗ್ ಶಿಬಿರ. ಶನಿವಾರ ಬೆಳಗ್ಗೆ ಒಂಬತ್ತು ಗಂಟೆಗೆ. ಮಕ್ಕಳು ಖಾಲಿ ಹೊಟ್ಟೆಯಲ್ಲಿ, ಸಡಿಲವಾದ ಬಟ್ಟೆ ಧರಿಸಿ ಬರತಕ್ಕದ್ದು. ಪೋಷಕರು ಗಾಬರಿಪಡಬಾರದು."

ಈಗ ನನಗೆ ನಗು ತಡೆಯಲಾಗಲಿಲ್ಲ. ಯಾಕೆ ಅಂದರೆ ಹನುಮಂತಪ್ಪನವರ ಸೆಕ್ಷನ್ನಿನಲ್ಲಿ ಸ್ಟ್ರೆಸ್ ರಿಲೀವಿಂಗ್ ಎನ್ನುವುದು ದಿನನಿತ್ಯದ ಕೆಲಸ. ಎರಕ ಹೊಯ್ದ, ವೆಲ್ಡಿಂಗ್ ಮಾಡಿದ ಭಾಗಗಳ ಒಳಗೆ ಕಣ್ಣಿಗೆ ಕಾಣದ ಬಿಗಿತ ಉಳಿದಿರುತ್ತದಂತೆ. ಅದನ್ನು ಹಾಗೇ ಬಿಟ್ಟರೆ ಮುಂದೆಂದೋ ಒಂದು ದಿನ ಸೊಟ್ಟಗಾಗುತ್ತದೆ, ಇಲ್ಲವೇ ಬಿರಿಯುತ್ತದೆ. ಅದಕ್ಕೇ ಫರ್ನೇಸಿನಲ್ಲಿಟ್ಟು, ಬಾಗಿಲು ಮುಚ್ಚಿ, ಮಂದವಾಗಿ ಕೆಂಪಾಗುವ ತನಕ ಕಾಯಿಸಿ, ಒಳಗೇ ತಣ್ಣಗಾಗಲು ಬಿಡುತ್ತಾರೆ. ಹನುಮಂತಪ್ಪ ವರ್ಷಗಟ್ಟಲೆ ಇದನ್ನೇ ಮಾಡಿಕೊಂಡು ಬಂದವರು. ಅವರ ಪಾಲಿಗೆ ಸ್ಟ್ರೆಸ್ ರಿಲೀವ್ ಮಾಡುವುದೆಂದರೆ ಕಾಯಿಸುವುದು. ಬೇರೆ ಅರ್ಥವೇ ಇಲ್ಲ.

"ಅಯ್ಯೋ ಹನುಮಂತಪ್ಪ, ಮಕ್ಕಳನ್ನ ಫರ್ನೇಸಿಗೆ ಹಾಕ್ತಾರೆ ಅಂದ್ಕೊಂಡ್ರಾ?" ಎಂದು ನಾನು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೆ.

ಅವರು ನಗಲಿಲ್ಲ. ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದರು. ಎದೆಯ ಮೇಲೆ ಅಡ್ಡಡ್ಡ ಮೂರು ಗೆರೆ. ಬೆರಳಗಲ, ನುಣ್ಣಗೆ ಹೊಳೆಯುವ ಹಳೆಯ ಗೆರೆ.

"ಸಣ್ಣೋನಿದ್ದಾಗ ನಂಗೂ ಗೂರ್ಲು ಇತ್ತಕ್ಕಾ. ಕುಡ್ಲು ಕಾಯ್ಸಿ ಬರೆ ಎಳೆದ್ರು. ನಮ್ಮವ್ವನೇ ಕೈ ಇಡ್ಕೊಂಡಿದ್ಲು. ಆವತ್ತೂ ಖಾಲಿ ಒಟ್ಟೇಲೇ ಕರ್ಕೊಂಡೋಗಿದ್ರು. ಗಾಬ್ರಿ ಆಗ್ಬೇಡ ಕಣ್ಲಾ ಅಂತ ಇಂಗೇ ಯೋಳಿದ್ರು."

ನನ್ನ ನಗು ಅಲ್ಲೇ ನಿಂತಿತು.

"ವಾಸಿ ಆಯ್ತಾ?" ಎಂದು ಕೇಳಿದೆ.

"ಬರೆ ವಾಸಿ ಆಯ್ತು" ಎಂದರು.

ಅದೆಲ್ಲ ಹಳೇ ಕಾಲ, ಇವರು ಬರೆ ಹಾಕುವುದಿಲ್ಲ, ಮನಸ್ಸಿನ ಟೆನ್ಷನ್ ಕಮ್ಮಿ ಮಾಡುವುದು ಹೇಗೆ ಎಂದು ಯಾರೋ ಬಂದು ಭಾಷಣ ಮಾಡುತ್ತಾರೆ ಅಷ್ಟೇ ಎಂದು ಸಮಾಧಾನ ಹೇಳಿದೆ. ಅವರು ಗುಂಡಿ ಹಾಕಿಕೊಳ್ಳುತ್ತಾ, "ಭಾಷಣ ಕೇಳಕ್ಕೆ ಖಾಲಿ ಒಟ್ಟೆ ಯಾಕಕ್ಕಾ?" ಎಂದರು. (ಯಾಕೆಂದು ಸ್ಕೂಲಿನವರು ಇವತ್ತಿಗೂ ಹೇಳಿಲ್ಲ.) ಶನಿವಾರ ಶಿಫ್ಟ್ ಬದಲಾಯಿಸಿಕೊಂಡು ತಾವೂ ಬರುತ್ತೇನೆಂದು ಹೇಳಿ ಸೈಕಲ್ ಹತ್ತಿದರು.

ಈಗ ಈ ಶಿಬಿರದ ಹುಟ್ಟು ಕೇಳಿ. ಇದಕ್ಕೆ ಕಾರಣ ನನ್ನ ಮಗಳೇ.

ಸುಧಾ ಹತ್ತಿರ ಬಾಯಿಗೆ ಹಿಡಿದು ಒತ್ತುವ ಒಂದು ಪಂಪು ಇದೆ. ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ಉಸಿರು ಕಟ್ಟಿದಾಗ ಎರಡು ಸಲ ಒತ್ತಿಕೊಂಡರೆ ಹತ್ತು ನಿಮಿಷದಲ್ಲಿ ಹುಡುಗಿ ಸರಿಹೋಗುತ್ತಾಳೆ. ಮೊದಲು ಇದು ಇರಲಿಲ್ಲ. ಆಗ ಆಟೋ ಹಿಡಿದು, ಇಂಜೆಕ್ಷನ್ ಕೊಡಿಸಿ, ಅರ್ಧ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರುತ್ತಿದ್ದೆವು. ಈ ಪಂಪು ಬಂದ ಮೇಲೆ ನಮ್ಮ ಮನೆಗೆ ನಿದ್ದೆ ಬಂತು.

ಆದರೆ ಈ ವರ್ಷದ ಮೊದಲಲ್ಲಿ ಸ್ಕೂಲಿನಲ್ಲಿ ಯಾರೋ ಒಬ್ಬ ಹುಡುಗ ಇನ್ನೊಬ್ಬನ ಪಂಪನ್ನು ಸೆಂಟಿನ ಬಾಟಲಿ ಎಂದುಕೊಂಡು ಕಂಕುಳಿಗೆ ಹೊಡೆದುಕೊಂಡ. ಹೆಡ್‌ಮಾಸ್ಟರಿಗೆ ಸಿಟ್ಟು ಬಂತು. ಬಂದ ಸಿಟ್ಟು ರೂಲ್ಸ್ ಆಯಿತು. ಇನ್ನು ಮುಂದೆ ಕ್ಲಾಸಿನಲ್ಲಿ ಯಾರ ಹತ್ತಿರವೂ ಔಷಧಿ ಇರಕೂಡದು. ಎಲ್ಲವನ್ನೂ ಹೆಸರಿನ ಚೀಟಿ ಅಂಟಿಸಿ ಆಫೀಸಿನ ಬೀರುವಿನಲ್ಲಿ ಇಡಬೇಕು. ಬೇಕಾದವರು ಬಂದು ಕೇಳಿ ತೆಗೆದುಕೊಳ್ಳತಕ್ಕದ್ದು.

ಆಹಾ, ಎಂಥ ವ್ಯವಸ್ಥೆ. ಉಸಿರು ಕಟ್ಟಿದವರು ಎರಡು ಅಂತಸ್ತು ಇಳಿದು, ಅಂಗಳ ದಾಟಿ, ಆಫೀಸಿನ ಮುಂದೆ ನಿಂತು, ಪೂರ್ತಿ ವಾಕ್ಯದಲ್ಲಿ ಕೇಳಬೇಕು. ಉಬ್ಬಸ ಬಂದವರಿಗೆ ಮೊದಲು ಹೋಗುವುದೇ ಮಾತು ಎಂದು ಇವರಿಗೆ ಯಾರು ಹೇಳಬೇಕು?

ಅರ್ಧವಾರ್ಷಿಕ ಪರೀಕ್ಷೆಯ ಲೆಕ್ಕದ ದಿನ ಸುಧಾಗೆ ಉಸಿರು ಕಟ್ಟಿತು. ಕೈ ಎತ್ತಿದಳು. ಸೂಪರ್‌ವೈಸರ್ ಮೇಷ್ಟ್ರು ಹೊರಗೆ ಹೋಗಬೇಕೇನೋ ಎಂದುಕೊಂಡು "ಈಗ ಬಿಡೋ ಹಾಗಿಲ್ಲಮ್ಮ" ಎಂದರು. ಅವಳು ಎದೆ ಮುಟ್ಟಿ ತೋರಿಸಿದಳು. ಆಮೇಲೆ ಗೊತ್ತಾಗಿ ಆಫೀಸಿಗೆ ಹೇಳಿ ಕಳಿಸಿದರು. ಬೀಗದ ಕೈ ಕ್ಲರ್ಕಿನ ಹತ್ತಿರ. ಕ್ಲರ್ಕು ಕಾಫಿಗೆ ಹೋಗಿದ್ದರು. ಪಂಪು ಬರುವಷ್ಟರಲ್ಲಿ ಅರ್ಧ ಗಂಟೆ ಆಗಿತ್ತು. ರೇಖಾಗಣಿತದ ಭಾಗವನ್ನು ಅವಳು ಮುಟ್ಟಲೇ ಇಲ್ಲ.

ಮಾರನೇ ದಿನ ಹೆಡ್‌ಮಾಸ್ಟರು ನನಗೆ ಫೋನ್ ಮಾಡಿದರು. ನಾನೇ ಆಪರೇಟರು, ನಾನೇ ಎತ್ತಿಕೊಂಡೆ.

"ನಿಮ್ಮ ಮಗಳಿಗೆ ಟೆನ್ಷನ್ ಜಾಸ್ತಿ ಮೇಡಂ. ಮನೇಲಿ ಮಾರ್ಕ್ಸ್ ಮಾರ್ಕ್ಸ್ ಅಂತ ಪ್ರೆಷರ್ ಹಾಕ್ತೀರಾ?"

"ಇಲ್ಲ ಸಾರ್. ಪಂಪು ಅವಳ ಹತ್ತಿರಾನೇ ಇರೋ ಹಾಗೆ ಮಾಡಿ, ಸಾಕು. ಮಾರ್ಚಿಯಲ್ಲಿ ಪಬ್ಲಿಕ್ ಪರೀಕ್ಷೆ ಇದೆ."

"ಅದು ರೂಲ್ಸಲ್ಲಿ ಬರಲ್ಲ ಮೇಡಂ. ಒಬ್ಬರಿಗೆ ಬಿಟ್ರೆ ಎಲ್ಲರೂ ಕೇಳ್ತಾರೆ. ನಾವು ಮೂಲಕ್ಕೇ ಕೈ ಹಾಕೋಣ. ಒಬ್ಬರು ಎಕ್ಸ್‌ಪರ್ಟನ್ನ ಕರೆಸ್ತೀನಿ."

ಎಲ್ಲರೂ ಕೇಳಿದರೆ ಎಲ್ಲರಿಗೂ ಕೊಡಬಹುದಲ್ಲ? ಹನ್ನೊಂದು ಮಕ್ಕಳು, ಹನ್ನೊಂದು ಜೇಬು. ಇಷ್ಟು ಸಣ್ಣ ಲೆಕ್ಕ ಹೆಡ್‌ಮಾಸ್ಟರಿಗೆ ಬರಲಿಲ್ಲ. (ಅವರು ಓದಿರುವುದು ಎಂ.ಎಸ್ಸಿ. ಮ್ಯಾಥಮ್ಯಾಟಿಕ್ಸ್.)

ಆ ಎಕ್ಸ್‌ಪರ್ಟು ನನಗೆ ಹೊಸಬರೇನಲ್ಲ. ಹೋದ ವರ್ಷ ನಮ್ಮ ಕಾರ್ಖಾನೆಯ ಆಫೀಸರುಗಳಿಗೆ ಟ್ರೇನಿಂಗ್ ಕೊಟ್ಟು ಹೋದವರು. ಅಲ್ಲಿಯ ತನಕ ನಮ್ಮಲ್ಲಿ ಸ್ಟ್ರೆಸ್ ಎಂಬ ಪದ ಬರೀ ಶಾಪ್ ಫ್ಲೋರಿನಲ್ಲಿತ್ತು, ಕಬ್ಬಿಣಕ್ಕೆ ಮಾತ್ರ ಬರುತ್ತಿತ್ತು. ಅವರು ಬಂದು ಹೋದ ಮೇಲೆ ಆಫೀಸರುಗಳಿಗೂ ಬರತೊಡಗಿತು. ಬೋರ್ಡಿನಲ್ಲಿ ಕೂತವಳಿಗೆ ಎಲ್ಲ ಕೇಳಿಸುತ್ತದೆ ನೋಡಿ. "ಐ ಆಮ್ ಅಂಡರ್ ಸ್ಟ್ರೆಸ್, ಲೈನ್ ಕೊಡಬೇಡಿ" ಎನ್ನುವುದು ಶುರುವಾಯಿತು. ಕಾರ್ಮಿಕರಿಗೆ ಮಾತ್ರ ಇನ್ನೂ ಸ್ಟ್ರೆಸ್ ಬಂದಿಲ್ಲ. ಅವರ ಗ್ರೇಡಿಗೆ ಬರುವುದು ತಲೆನೋವು, ಸೊಂಟನೋವು ಅಷ್ಟೇ.

ಒಂದು ಮಾತು ಒಪ್ಪಿಕೊಳ್ಳಬೇಕು. ಗಾಬರಿಯಾದರೆ ಉಬ್ಬಸ ಹೆಚ್ಚುತ್ತದೆ, ಅದು ಸುಳ್ಳಲ್ಲ. ನಮ್ಮ ಫ್ಯಾಕ್ಟರಿ ಡಿಸ್ಪೆನ್ಸರಿಯ ಲೇಡಿ ಡಾಕ್ಟರೇ ಹೇಳಿದ್ದಾರೆ. ಹೇಳಿ ಸುಮ್ಮನೆ ಕೂರಲಿಲ್ಲ, ಐದೇ ನಿಮಿಷದಲ್ಲಿ ಸುಧಾಗೆ ಒಂದು ಪಾಠವನ್ನೂ ಮಾಡಿದರು. "ಉಸಿರು ಎಳ್ಕೊಳ್ಳೋಕೆ ಒದ್ದಾಡಬೇಡ ಮರಿ. ಬಿಡೋದರ ಕಡೆ ನೋಡು. ತುಟಿ ಚಿಕ್ಕದು ಮಾಡಿ, ಬಿಸಿ ಕಾಫಿ ಆರಿಸೋ ಹಾಗೆ ಮೆಲ್ಲಗೆ ಊದು. ಪಂಪು ಹೊಡ್ಕೊಂಡು, ಮುಂದಕ್ಕೆ ಬಾಗಿ ಕೂತು ಊದ್ತಾ ಇರು." ಮೈಕಿಲ್ಲ, ಹಾರವಿಲ್ಲ. ಪಾಠ ಇವತ್ತಿಗೂ ಅವಳಿಗೆ ನೆನಪಿದೆ.

ಡಾಕ್ಟರಮ್ಮನ ಕೊನೆಯ ವಾಕ್ಯದಲ್ಲಿ ಪಂಪು ಮೊದಲು ಬಂತು, ಊದುವುದು ಆಮೇಲೆ ಬಂತು. ಗಮನಿಸಿದಿರಿ ತಾನೇ?

ಸರಿ, ಶನಿವಾರ ಬಂತು.

ನಾನು ಅರ್ಧ ದಿನ ರಜೆ ಹಾಕಿ ಹೋದೆ. ಹನುಮಂತಪ್ಪ ಆಗಲೇ ಬಂದು ಗೇಟಿನ ಹತ್ತಿರ ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ. ಮಗನ ಹೆಗಲ ಮೇಲೆ ಕೈ. ಹನ್ನೊಂದು ಮಕ್ಕಳಲ್ಲಿ ತಿಂಡಿ ತಿಂದು ಬಂದವಳು ನನ್ನ ಮಗಳೊಬ್ಬಳೇ. ಎರಡು ಇಡ್ಲಿ ತಿನ್ನಿಸಿ ಕರೆತಂದಿದ್ದೆ. ಪಂಪನ್ನೂ ಅವಳ ಜೇಬಿಗೆ ಹಾಕಿದ್ದೆ. ಗೇಟಿನಲ್ಲೇ ಪಿ.ಟಿ. ಮೇಷ್ಟ್ರು ಅದನ್ನು ಇಸಿದುಕೊಂಡು ಬೀರುವಿಗೆ ಸೇರಿಸಿದರು. "ರೂಲ್ಸ್ ಶನಿವಾರಾನೂ ಇರುತ್ತೆ ಮೇಡಂ" ಎಂದರು. ನಾನು ಜಗಳ ಮಾಡಬೇಕಿತ್ತು. ಮಾಡಲಿಲ್ಲ. ಫಂಕ್ಷನ್ನಿನ ದಿನ ಯಾಕೆ ರಂಪ ಎಂದು ಸುಮ್ಮನಾದೆ. ಆ ಸುಮ್ಮನಾದದ್ದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯವಿದೆ.

ಕೆಳಗಿನ ದೊಡ್ಡ ಕೋಣೆಯಲ್ಲಿ ಏರ್ಪಾಡು. ನಾವು ಒಳಗೆ ಹೋದಾಗ ಇಬ್ಬರು ಜಮಖಾನ ಕೊಡವುತ್ತಿದ್ದರು. ಎಲ್ಲಿ? ಕೋಣೆಯ ಒಳಗೇ. ವರ್ಷಕ್ಕೊಂದು ಸಲ ಸ್ವಾತಂತ್ರ್ಯ ದಿನಾಚರಣೆಗೆ ಹೊರಬರುವ ಜಮಖಾನ. ಅದರೊಳಗಿನ ಧೂಳಿಗೂ ಆವತ್ತೇ ಸ್ವಾತಂತ್ರ್ಯ ಸಿಕ್ಕಿತು. ದಮ್ಮಿನ ಬ್ಯಾಚನ್ನು ಅದರ ಮೇಲೆ ಸಾಲಾಗಿ ಕೂರಿಸಿದರು.

ವೇದಿಕೆಯ ಮೇಲೆ ಹಿತ್ತಾಳೆ ದೀಪ. ದೀಪದ ಪಕ್ಕ ಊದುಬತ್ತಿಯ ಗೊಂಚಲು. ಒಂದಲ್ಲ, ಎರಡಲ್ಲ, ಒಂದು ಕಟ್ಟಿನಲ್ಲಿ ಇದ್ದಷ್ಟನ್ನೂ ಹಚ್ಚಿ ಬಾಳೆಹಣ್ಣಿಗೆ ಸಿಕ್ಕಿಸಿದ್ದರು. ವಾತಾವರಣ ಶಾಂತವಾಗಲಿ ಎಂದು ಎಕ್ಸ್‌ಪರ್ಟೇ ಹೇಳಿ ತರಿಸಿದ್ದಂತೆ.

ಕಿಟಕಿಗಳೆಲ್ಲ ಮುಚ್ಚಿದ್ದವು. ಅದಕ್ಕೂ ಒಂದು ಕಾರಣವಿದೆ. ಸ್ಕೂಲಿನ ಕಾಂಪೌಂಡಿನ ಆಚೆ ಒಂದು ಫೌಂಡ್ರಿ ಇದೆ. ಅಲ್ಲಿ ಶನಿವಾರ ಕಬ್ಬಿಣ ಕರಗಿಸುವ ದಿನ. ಚಿಮಣಿಯಿಂದ ಬೆಳಗ್ಗೆ ಎಂಟಕ್ಕೇ ಕರಿ ಹೊಗೆ ಶುರು. ಕಿಟಕಿ ತೆಗೆದರೆ ಹೊಗೆ, ಮುಚ್ಚಿದರೆ ಊದುಬತ್ತಿ. ಆವತ್ತಿನ ಮುಖ್ಯ ಅತಿಥಿ ಯಾರೆಂದುಕೊಂಡಿರಿ? ಆ ಫೌಂಡ್ರಿಯ ಮಾಲೀಕರು. ಜಮಖಾನವೂ ಅವರದೇ ಕೊಡುಗೆ.

ಪ್ರಾರ್ಥನೆ, ಸ್ವಾಗತ, ಹಾರ, ದೀಪ. ಮುಖ್ಯ ಅತಿಥಿಗಳು ಶುದ್ಧ ಗಾಳಿಯ ಮಹತ್ವದ ಬಗ್ಗೆ ಮಾತಾಡಿದರು. (ನಾನು ಸುಳ್ಳು ಹೇಳುತ್ತಿಲ್ಲ. ಅಲ್ಲಿದ್ದ ಯಾರನ್ನು ಬೇಕಾದರೂ ಕೇಳಿ.) ಮಾತು ಮುಗಿಸಿ, ಎರಕ ಹೊಯ್ಯುವ ಹೊತ್ತಾಯಿತೆಂದು ಎದ್ದು ಹೋದರು. ಅವರನ್ನು ಕಾರಿನ ತನಕ ಬಿಟ್ಟು ಬರಲು ಹೋದ ಕ್ಲರ್ಕು ಅದೇ ಕಾರಿನಲ್ಲಿ ಕೂತು ಪೋಸ್ಟಾಫೀಸಿನ ಕೆಲಸಕ್ಕೆ ಹೋಗಿಬಿಟ್ಟರು. ಬೀಗದ ಕೈಯೂ ಅವರ ಜೇಬಿನಲ್ಲೇ ಹೋಯಿತು.

ಆಮೇಲೆ ಎಕ್ಸ್‌ಪರ್ಟು ಎದ್ದರು. ಟೈ ಕಟ್ಟಿದ್ದರು. ಒಳ್ಳೆಯ ಕಂಠ, ಆಕಾಶವಾಣಿಗೆ ಹೋಗಬಹುದಿತ್ತು.

"ಮಕ್ಕಳೇ, ನಿಮ್ಮ ಕಾಯಿಲೆ ಎದೆಯಲ್ಲಿಲ್ಲ, ಇಲ್ಲಿದೆ" ಎಂದು ತಲೆ ಮುಟ್ಟಿ ತೋರಿಸಿದರು. "ಪಂಪು, ಮಾತ್ರೆ, ಇವೆಲ್ಲ ಊರುಗೋಲು. ಊರುಗೋಲು ಬಿಸಾಕಿದವನೇ ಓಡೋದು."

ಮಂಡಿ ನೋವಿದ್ದ ಸಂಸ್ಕೃತದ ಮೇಷ್ಟ್ರು ಹಿಂದಿನ ಸಾಲಿನಲ್ಲಿ ತಮ್ಮ ಊರುಗೋಲನ್ನು ಕುರ್ಚಿಯ ಕೆಳಗೆ ಸರಿಸಿಕೊಂಡರು.

ಹನುಮಂತಪ್ಪ ಎದ್ದು ನಿಂತರು. ಕೈ ಕಟ್ಟಿಕೊಂಡು, ವಿನಯದಿಂದಲೇ ಕೇಳಿದರು. "ಒಂದ್ ಮಾತು ಸಾ. ನಾನು ಫ್ಯಾಕ್ಟ್ರೀಲಿ ಸ್ಟ್ರೆಸ್ ರಿಲೀವ್ ಮಾಡೋನೇ. ನಮ್ಮಲ್ಲಿ ಮೊದ್ಲು ಪೀಸ್‌ನ ಗುಣ ಯಾವ್ದು ಅಂತ ಕೇಳ್ತೀವಿ, ಆಮ್ಯಾಕೆ ಫರ್ನೇಸು. ನೀವು ಈ ಮಕ್ಳನ್ನ ಯಾರ್ನೂ ಏನೂ ಕೇಳ್ಲಿಲ್ವಲ್ಲ ಸಾ?"

ಕೋಣೆಯಲ್ಲಿ ಒಂದೆರಡು ನಗು. ಎಕ್ಸ್‌ಪರ್ಟೂ ನಕ್ಕರು. "ಕಬ್ಬಿಣ ಬೇರೆ, ಮನಸ್ಸು ಬೇರೆ ಯಜಮಾನ್ರೇ. ಕೂತ್ಕೊಳ್ಳಿ" ಎಂದರು. ಹೆಡ್‌ಮಾಸ್ಟರು ಕಣ್ಣಲ್ಲೇ ಗದರಿಸಿದರು. ಹನುಮಂತಪ್ಪ ಕೂತರು.

"ಈಗ ಎಲ್ಲರೂ ಕಣ್ಣು ಮುಚ್ಚಿ. ಬೆಟ್ಟದ ಮೇಲಿದ್ದೀರಿ. ತಂಪಾದ ಗಾಳಿ. ಆಳವಾಗಿ ಉಸಿರು ಎಳೆದುಕೊಳ್ಳಿ. ಇನ್ನೂ ಆಳವಾಗಿ. ಹಿಡಿದುಕೊಳ್ಳಿ. ನಾನು ಹೇಳುವ ತನಕ ಬಿಡಬೇಡಿ."

ಜಮಖಾನದ ಧೂಳು, ಇಡೀ ಕಟ್ಟು ಊದುಬತ್ತಿಯ ಹೊಗೆ, ಹನ್ನೊಂದು ಉಬ್ಬಸದ ಎದೆ. ಎಳೆದುಕೊಂಡು ಹಿಡಿದುಕೊಳ್ಳಬೇಕಂತೆ.

ಮೊದಲು ಒಂದು ಕೆಮ್ಮು. ಆಮೇಲೆ ಎರಡು. ಆಮೇಲೆ ಯಾರು ಕೆಮ್ಮುತ್ತಿದ್ದಾರೆಂದು ಎಣಿಸಲಾಗಲಿಲ್ಲ. "ಕೆಮ್ಮನ್ನು ಗಮನಿಸಬೇಡಿ, ಬೆಟ್ಟದ ಮೇಲೇ ಇರಿ" ಎಂದು ಎಕ್ಸ್‌ಪರ್ಟು ಹೇಳುತ್ತಲೇ ಇದ್ದರು.

ಸುಧಾ ಕೆಮ್ಮುತ್ತಿರಲಿಲ್ಲ. ಅದು ನನಗೆ ಗೊತ್ತಿರುವ ಲಕ್ಷಣ. ಕೆಮ್ಮು ನಿಂತು, ಹೆಗಲು ಕಿವಿಯ ತನಕ ಏರಿ, ಕತ್ತಿನ ಗುಳಿ ಒಳಕ್ಕೆ ಹೋದರೆ ಇನ್ನು ಮಾತಿಗೆ ಸಮಯವಿಲ್ಲ. ನಾನು ಕುರ್ಚಿ ತಳ್ಳಿ ಓಡಿದೆ. ಅವಳು ಎರಡೂ ಕೈಯನ್ನು ನೆಲಕ್ಕೆ ಊರಿ ಮುಂದಕ್ಕೆ ಬಾಗಿ ಕೂತಿದ್ದಳು. ತುಟಿ ಚಿಕ್ಕದು ಮಾಡಿ ಊದುತ್ತಿದ್ದಳು, ಡಾಕ್ಟರಮ್ಮ ಹೇಳಿಕೊಟ್ಟ ಹಾಗೆ. ಊದಲು ಒಳಗೆ ಗಾಳಿಯೇ ಹೋಗುತ್ತಿರಲಿಲ್ಲ. ತುಟಿಯ ಬಣ್ಣ ಬದಲಾಗಿತ್ತು.

"ಪಂಪು ಕೊಡಿ ಸಾರ್" ಎಂದೆ.

"ಕ್ಲರ್ಕ್ ಬರ್ಲಿ ಮೇಡಂ. ಕೀ ಅವರ ಹತ್ರ ಇದೆ" ಎಂದರು ಹೆಡ್‌ಮಾಸ್ಟರು.

"ಬೀಗ ಒಡೀರಿ."

"ಅದರಲ್ಲಿ ಟೆಸ್ಟ್ ಕ್ವೆಶ್ಚನ್ ಪೇಪರ್ ಇದೆ. ಹಾಗೆಲ್ಲ ಒಡೆಯೋಕ್ಕಾಗಲ್ಲ. ಕಮಿಟಿ ಪರ್ಮಿಷನ್ ಬೇಕು."

ಎಕ್ಸ್‌ಪರ್ಟು ನನ್ನ ಮಗಳ ಮುಂದೆ ಕೂತು, "ರಿಲ್ಯಾಕ್ಸಮ್ಮ, ರಿಲ್ಯಾಕ್ಸ್, ನಿನಗೆ ಏನೂ ಆಗಿಲ್ಲ" ಎನ್ನುತ್ತಿದ್ದರು. ಅವರ ಹಣೆಯ ಮೇಲೆ ಬೆವರು. ಧ್ವನಿ ನಡುಗುತ್ತಿತ್ತು. ಆ ಕೋಣೆಯಲ್ಲಿ ಟೆನ್ಷನ್ ಆಗಿದ್ದವರು ಅವರೊಬ್ಬರೇ. ನನ್ನ ಮಗಳಿಗೆ ಆಗಿದ್ದದ್ದು ಉಬ್ಬಸ.

ಇಷ್ಟು ಹೊತ್ತಿಗೆ ಹನುಮಂತಪ್ಪ ಎಲ್ಲಿದ್ದರೋ ನಾನು ನೋಡಲಿಲ್ಲ. ಶಿವು ಒಂದೊಂದೇ ಕಿಟಕಿ ತೆಗೆಯುತ್ತಿದ್ದ, ಅಪ್ಪ ಹೇಳಿ ಹೋಗಿದ್ದರಂತೆ. ಆಫೀಸಿನ ಕಡೆಯಿಂದ ಠಣ್ ಎಂದು ಒಂದು ಸದ್ದು ಬಂತು. ಒಂದೇ ಒಂದು.

ನಮ್ಮ ಸ್ಕೂಲಿನ ಗಂಟೆ ಎಂದರೆ ಮರಕ್ಕೆ ನೇತುಹಾಕಿದ ರೈಲು ಕಂಬಿಯ ತುಂಡು. ಬಾರಿಸಲು ಪಕ್ಕದಲ್ಲಿ ಒಂದು ಕಬ್ಬಿಣದ ರಾಡು. ಹನುಮಂತಪ್ಪ ಆ ರಾಡು ತಂದು, ಬೀರುವಿನ ಕೊಂಡಿಗೆ ಕೊಟ್ಟು, ಒಮ್ಮೆ ತಿರುವಿದ್ದರು. ಬೀರುವಿನ ಸ್ವಂತ ಬೀಗ ಕೆಟ್ಟು ಯಾವುದೋ ಕಾಲವಾಗಿತ್ತು. ಹೊರಗಿನಿಂದ ಕೊಂಡಿ ಅಂಟಿಸಿ ಬೀಗ ಜಡಿದಿದ್ದರು. "ಎರಡು ಚುಕ್ಕೆ ವೆಲ್ಡು ಅಷ್ಟೇಯ ಅಕ್ಕಾ, ನಾನು ಬೆಳಿಗ್ಗೇನೇ ನೋಡಿದ್ದೆ" ಎಂದು ಆಮೇಲೆ ಹೇಳಿದರು. ಬೆಳಗ್ಗೆಯೇ ನೋಡಿಟ್ಟುಕೊಂಡಿದ್ದರು. ಭಾಷಣ ಕೇಳಲು ಬಂದವರಲ್ಲಿ ಸಿದ್ಧತೆ ಮಾಡಿಕೊಂಡು ಬಂದಿದ್ದವರು ಅವರೊಬ್ಬರೇ.

ಹೆಸರಿನ ಚೀಟಿಗಳನ್ನು ಓದುತ್ತಾ ಕೂರದೆ ಅವರು ಔಷಧಿಯ ಡಬ್ಬವನ್ನೇ ಎತ್ತಿಕೊಂಡು ಬಂದರು. ನಾನು ಸುಧಾಳ ಪಂಪು ಹುಡುಕಿ ಅವಳ ಬಾಯಿಗೆ ಹಿಡಿದೆ. ಒಂದು ಸಲ. ಸ್ವಲ್ಪ ತಡೆದು ಇನ್ನೊಂದು ಸಲ. ಅಂಗಳದ ಬೇವಿನ ಮರದ ಕೆಳಗೆ ಕರೆದುಕೊಂಡು ಹೋಗಿ ಕೂರಿಸಿದೆವು. ಅಲ್ಲಿಯೂ ಹೊಗೆ ಇತ್ತು, ಆದರೆ ಒಳಗಿನಷ್ಟಲ್ಲ. ಕಾಲು ಗಂಟೆ ಅವಳ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕೂತೆ. ನನಗೆ ಅಳು ಬಂತು, ಅತ್ತೆ. ಟೆಲಿಫೋನ್ ಬೋರ್ಡಿನಲ್ಲಿ ದಿನಕ್ಕೆ ನೂರಾರು ಜನರ ಉಸಿರು ಕೇಳುವವಳು ನಾನು. ಆ ಕಾಲು ಗಂಟೆ ಒಂದೇ ಒಂದು ಉಸಿರಿಗಾಗಿ ಕಿವಿ ಕೊಟ್ಟು ಕೂತಿದ್ದೆ. ಅವಳ ಹೆಗಲು ಮೆಲ್ಲಗೆ ಇಳಿಯಿತು.

ಮಾತು ಬಂದ ಮೇಲೆ ಅವಳು ಹೇಳಿದ ಮೊದಲ ವಾಕ್ಯ, "ಅಮ್ಮ, ಶಿವೂಗೂ ಮಾತ್ರೆ ಕೊಡ್ಸು, ಅವನೂ ಗೊರಗೊರ ಅಂತಿದಾನೆ."

ಹನುಮಂತಪ್ಪ ಮಗನಿಗೆ ಮಾತ್ರೆ ಕೊಡಿಸಿ, ನೀರು ಕುಡಿಸಿ, ರಾಡನ್ನು ಮರದ ಹತ್ತಿರ ಇದ್ದ ಜಾಗದಲ್ಲೇ ಒರಗಿಸಿ ಬಂದರು. "ಫರ್ನೇಸ್‌ನಾಗೆ ತಣ್ಣಗಾಗೋಗಂಟ ಬಾಗ್ಲು ತೆಗೆಯಂಗಿಲ್ಲ. ಮಕ್ಳಿಗೆ ಮೊದ್ಲು ಬಾಗ್ಲು ತೆಗೀಬೇಕಲ್ವೇನಕ್ಕಾ" ಎಂದರು, ಯಾರ ಮೇಲೂ ಸಿಟ್ಟಿಲ್ಲದ ಧ್ವನಿಯಲ್ಲಿ. ಅವರ ಪಾಲಿನ ಸಿಟ್ಟನ್ನೂ ಸೇರಿಸಿ ನಾನು ಈ ಅಂಕಣ ಬರೆಯುತ್ತಿದ್ದೇನೆ.

ಎಕ್ಸ್‌ಪರ್ಟು ಯಾವಾಗ ಹೋದರೋ ಯಾರಿಗೂ ಗೊತ್ತಿಲ್ಲ. ಟೈ ಮಾತ್ರ ಕುರ್ಚಿಯ ಮೇಲಿತ್ತು.

ಇಷ್ಟಾದ ಮೇಲೆ ಹೆಡ್‌ಮಾಸ್ಟರಿಗೆ ಬುದ್ಧಿ ಬಂದಿರಬೇಕು ಎಂದು ನೀವು ಅಂದುಕೊಂಡಿರಬಹುದು. ನೀವು ಒಳ್ಳೆಯವರು. ಆದರೆ ನೀವು ಯಾವ ಸ್ಕೂಲ್ ಕಮಿಟಿಯಲ್ಲೂ ಇಲ್ಲ.

ಸೋಮವಾರ ಎರಡು ಕಾಗದ ಬಂದವು. ಒಂದು ಹನುಮಂತಪ್ಪನವರಿಗೆ. ಶಾಲೆಯ ಆಸ್ತಿಗೆ ಧಕ್ಕೆ ಮಾಡಿದ್ದಕ್ಕೆ ವಿವರಣೆ ಕೊಡಬೇಕಂತೆ. ನನ್ನ ಹತ್ತಿರ ತಂದು, "ಏನಂತ ಬರೀಲಕ್ಕಾ?" ಎಂದರು. "ಏನು ಮಾಡಿದಿರೋ ಅದನ್ನೇ ಬರೀರಿ" ಎಂದೆ. ಅವರು ಯೋಚನೆ ಮಾಡಿ, ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು ಬರೆದರು. "ಸ್ಟ್ರೆಸ್ ರಿಲೀವ್ ಮಾಡುವ ಕೆಲಸಕ್ಕೆ ಅಡ್ಡ ಬಂದ ಕೊಂಡಿಯನ್ನು ತೆಗೆದಿರುತ್ತೇನೆ." ಕೆಳಗೆ ಸಹಿ, ಸಹಿಯ ಕೆಳಗೆ ಕಾರ್ಖಾನೆಯ ಟೋಕನ್ ನಂಬರು. ಇಷ್ಟು ಒಳ್ಳೆಯ ಕನ್ನಡ ವಾಕ್ಯವನ್ನು ನಾನು ಈ ಅಂಕಣದಲ್ಲಿ ಇಲ್ಲಿಯ ತನಕ ಬರೆದಿಲ್ಲ.

ಎರಡನೇ ಕಾಗದ ಸುಧಾಗೆ. ದಪ್ಪ ಹಾಳೆಯ ಸರ್ಟಿಫಿಕೇಟು. "ಒತ್ತಡವನ್ನು ನಿಭಾಯಿಸುವ ತರಬೇತಿಯನ್ನು ಯಶಸ್ವಿಯಾಗಿ ಪೂರೈಸಿರುತ್ತಾರೆ." ಹೆಸರಿನ ಜಾಗ ಬಿಟ್ಟು ಉಳಿದದ್ದೆಲ್ಲ ಮೊದಲೇ ಪ್ರಿಂಟಾಗಿತ್ತು. ಮಗಳು ಸತ್ತಿದ್ದರೂ ಯಶಸ್ವಿಯಾಗಿಯೇ ಪೂರೈಸಿರುತ್ತಿದ್ದಳು.

ಮತ್ತೆ ಬೀರು? ಅದಕ್ಕೆ ಹೊಸ ಕೊಂಡಿ ಬಂದಿದೆ. ಈ ಸಲ ಚುಕ್ಕೆ ವೆಲ್ಡಲ್ಲ, ಉದ್ದಕ್ಕೂ ವೆಲ್ಡು. ಇಡೀ ಶನಿವಾರದಿಂದ ಹೆಡ್‌ಮಾಸ್ಟರು ಕಲಿತ ಪಾಠ ಇದೊಂದೇ.

ಮೊನ್ನೆ ಸಂಜೆ ಅಕ್ಕಿ ಆರಿಸುತ್ತಾ ಸುಧಾಗೆ ಕೇಳಿದೆ. "ನಿಜ ಹೇಳು, ಪರೀಕ್ಷೆ ಅಂದ್ರೆ ನಿನಗೆ ಟೆನ್ಷನ್ನಾ?"

ಅವಳು ಮೊರದಿಂದ ಒಂದು ಕಲ್ಲು ಹೆಕ್ಕಿ ಎಸೆದಳು. "ಪರೀಕ್ಷೆಗೆ ಏನಿಲ್ಲಮ್ಮ. ಲೆಕ್ಕ ಮಾಡ್ತಾ ಇರೋವಾಗ ಕ್ಲರ್ಕ್ ಸಾರ್ ಇವತ್ತು ಬಂದಿದಾರೋ ಇಲ್ವೋ ಅಂತ ನೆನಪಾಗುತ್ತೆ. ಆಗ ಎದೆ ಬಿಗಿಯುತ್ತೆ. ಪಂಪು ಜೇಬಲ್ಲಿದ್ರೆ ಅದು ನೆನಪೇ ಆಗಲ್ಲ. ಎಷ್ಟೋ ಸಲ ಮುಟ್ಟಿ ನೋಡ್ಕೊಂಡ್ರೆ ಸಾಕು, ಹೊಡ್ಕೊಳ್ಳೋದೇ ಬೇಡ."

ಮುಟ್ಟಿ ನೋಡಿಕೊಂಡರೆ ಸಾಕು. ಹಾರ, ಮೈಕು, ಜಮಖಾನ, ಬೆಟ್ಟದ ಗಾಳಿ ಯಾವುದೂ ಮಾಡದ ಕೆಲಸವನ್ನು ಹೆಬ್ಬೆರಳುದ್ದದ ಒಂದು ವಸ್ತು ಜೇಬಿನಲ್ಲಿ ಸುಮ್ಮನೆ ಕೂತು ಮಾಡುತ್ತದೆ. ಕಲಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಮೆಲ್ಲಗೆ ಊದುವುದನ್ನು ಕಲಿಸಿ, ಗಾಬರಿಯಾಗದೆ ಕೂರುವುದನ್ನು ಕಲಿಸಿ. ಆದರೆ ಮಗುವಿನ ಉಸಿರಿಗೆ ಬೀಗ ಹಾಕಿ, ಬೀಗದ ಕೈಯನ್ನು ಪೋಸ್ಟಾಫೀಸಿಗೆ ಕಳಿಸಿ, ಆಮೇಲೆ "ರಿಲ್ಯಾಕ್ಸ್" ಎನ್ನುವುದು ತರಬೇತಿಯೇ? ಹನುಮಂತಪ್ಪನವರಿಗೆ ಬರೆ ಎಳೆದವರು ಕೂಡ ಅವರ ಅವ್ವನನ್ನು ಪಕ್ಕದಲ್ಲಿ ಕೂರಿಸಿದ್ದರು, ಕೈ ಹಿಡಿದುಕೊಳ್ಳಲು.

ಹೆಡ್‌ಮಾಸ್ಟರು ಈ ಅಂಕಣವನ್ನು ತಪ್ಪದೆ ಓದುತ್ತಾರಂತೆ. ಹಾಗಿದ್ದರೆ ಈ ವಾರ ಸ್ವಲ್ಪ ನಿಧಾನವಾಗಿ ಓದಲಿ.

ಸಾರ್, ನಿನ್ನೆ ನನ್ನ ಮಗಳ ಎರಡೂ ನೀಲಿ ಲಂಗಕ್ಕೆ ಒಳಜೇಬು ಹೊಲಿದಿದ್ದೇನೆ. ಮೆಷಿನ್ ಹೊಲಿಗೆ, ಮೇಲೆ ಇನ್ನೊಂದು ಸುತ್ತು ಕೈಹೊಲಿಗೆ. ಶಿವುವಿನ ನಿಕ್ಕರಿಗೂ ಒಂದು ಹೊಲಿದು ಕೊಟ್ಟಿದ್ದೇನೆ. ನಾಳೆಯಿಂದ ಪಂಪು ಅವಳ ಹತ್ತಿರ ಇರುತ್ತದೆ, ಮಾತ್ರೆ ಅವನ ಹತ್ತಿರ ಇರುತ್ತದೆ. ಮಾರ್ಚಿಯ ಪರೀಕ್ಷೆಯ ದಿನವೂ ಇರುತ್ತದೆ. ರೂಲ್ಸ್ ಮುರಿಯುತ್ತಿದ್ದೇನೆ ಎಂದು ಊರಿಗೆಲ್ಲ ಕಾಣುವ ಹಾಗೆ ಇಲ್ಲೇ ಬರೆದುಕೊಡುತ್ತಿದ್ದೇನೆ, ಬೇರೆ ವಿವರಣೆ ಕೇಳುವ ತೊಂದರೆ ನಿಮಗೆ ಬೇಡ.

ಈಗ ಹೇಳಿ, ಅದನ್ನು ಮತ್ತೆ ಇಸಿದುಕೊಂಡು ಬೀರುವಿನಲ್ಲಿಡುವ ದಮ್ಮು ನಿಮ್ಮಲ್ಲಿ ಯಾರಿಗಿದೆ?